ಮೇಲ್ಮನವಿಗಳ ಗಂಟು ಬಿಚ್ಚುವವರಾರು?

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ಶಿಷ್ಯನೊಬ್ಬ ಗಜೇಂದ್ರಗಡದಿಂದ ರೋಣಕ್ಕೆ ಬಂದಿದ್ದ. ಅಲ್ಲಿ ಅವನದೊಂದು ಸಣ್ಣ ಬಟ್ಟೆಯ ಅಂಗಡಿಯಿದೆ. ಹತ್ತನೆಯ ಇಯತ್ತೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಕರೆದಾಗ ಮಾತ್ರ ಏಳುತ್ತಿದ್ದ ಹುಡುಗ. ಈಗ ತಲೆಯ ಅರ್ಧ ಕೂದಲು ನೆರೆತಿದೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನೂಲಿನಿಂದ ಕಟ್ಟಿದ ಕಾಗದದ ಕಟ್ಟು. ಚಹಾ ಮುಗಿದ ಮೇಲೆ ಅದನ್ನು ನನ್ನ ಮುಂದಿಟ್ಟು, "ಸರ್, ಲೆಕ್ಕಾ ಕಲಿಸಿದವ್ರು ನೀವು. ಇದೊಂದು ಲೆಕ್ಕಾ ಯಾವಾಗ ಬಿಡತೈತಿ ಹೇಳ್ರಿ" ಎಂದ.

ಬಿಚ್ಚಿ ನೋಡಿದೆ. ತೆರಿಗೆಯ ಆದೇಶವೊಂದರ ಮೇಲೆ ಅವನು 2020ರ ಜನವರಿಯಲ್ಲಿ ಸಲ್ಲಿಸಿದ ಮೇಲ್ಮನವಿ. ಮೊತ್ತ ದೊಡ್ಡದಲ್ಲ, ಐವತ್ತು ಸಾವಿರದೊಳಗಿನದು. ಅದರ ನಂತರ ಎರಡು ನೋಟಿಸುಗಳು, ಅವಕ್ಕೆ ಅವನ ಎರಡು ಉತ್ತರಗಳು, ಆಮೇಲೆ ಮೌನ. ಯಾವ ಕಚೇರಿ, ಯಾವ ತೆರಿಗೆ ಎಂಬುದನ್ನು ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ; ಆ ಮಾತನ್ನು ಉಳಿಸಿಕೊಳ್ಳುತ್ತೇನೆ. "ಸೋತ್ರೂ ಚಿಂತಿಲ್ರಿ ಸರ್, ಸೋತಿ ಅಂತ ಒಮ್ಮಿ ಹೇಳಿಬಿಟ್ರ ಸಾಕು" ಎಂದು ಅವನು ಹೇಳಿದ ಮಾತು ಮಾತ್ರ ಅಂದಿನಿಂದ ನನ್ನ ಕಿವಿಯನ್ನು ಬಿಟ್ಟಿಲ್ಲ. ಈ ಬರೆಹಕ್ಕೆ ಅದೇ ಕಾರಣ.

ಪ್ರಿಯ ಶಿಷ್ಯರೇ, ಬಂಧುಗಳೇ, ನಿಮ್ಮಲ್ಲಿ ಹಲವರು ವರ್ತಕರು, ಕೆಲವರು ಸರಕಾರಿ ನೌಕರರು, ಇಬ್ಬರಾದರೂ ಲೆಕ್ಕಪರಿಶೋಧಕರು ಇದ್ದೀರಿ. ನಾನು ಕಾನೂನು ಓದಿದವನಲ್ಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು. ಆದರೆ ಬಾಕಿ ಬೆಳೆಯುವುದು ಮೂಲತಃ ಗಣಿತದ ವಿಷಯ, ಬಾಕಿಯಿಂದ ನೋಯುವುದು ಮನುಷ್ಯರ ವಿಷಯ. ಇವೆರಡರ ಬಗೆಗೆ ಮಾತನಾಡಲು ಮಾಸ್ತರನಿಗೂ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಎಂಟನೆಯ ಇಯತ್ತೆಯಲ್ಲಿ ನೀವೆಲ್ಲರೂ ಶಪಿಸುತ್ತ ಬಿಡಿಸಿದ ತೊಟ್ಟಿಯ ಲೆಕ್ಕ ನೆನಪಿದೆಯೇ? ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ, ತೊಟ್ಟಿ ಎಷ್ಟು ತಾಸಿನಲ್ಲಿ ತುಂಬುವುದು? ದೇಶದ ಆದಾಯ ತೆರಿಗೆ ಆಯುಕ್ತರ ಮುಂದೆ, ಅಂದರೆ ಮೊದಲ ಹಂತದ ಮೇಲ್ಮನವಿಯಲ್ಲಿ, 2024-25ರ ಹೊತ್ತಿಗೆ ಐದು ಲಕ್ಷಕ್ಕೂ ಮಿಕ್ಕ ಪ್ರಕರಣಗಳು ಬಾಕಿಯಿದ್ದವು. ಸಾಧ್ಯವಿದ್ದಲ್ಲಿ, ಮೇಲ್ಮನವಿ ಸಲ್ಲಿಸಿದ ಆರ್ಥಿಕ ವರ್ಷದ ಕೊನೆಯಿಂದ ಒಂದು ವರ್ಷದೊಳಗೆ ಆಯುಕ್ತರು ತೀರ್ಮಾನ ಕೊಡಬಹುದು ಎಂದು 1961ರ ಕಾಯ್ದೆಯ 250ನೆಯ ಕಲಮು ಹೇಳುತ್ತದೆ. ಆ "ಸಾಧ್ಯವಿದ್ದಲ್ಲಿ" ಎಂಬ ಪದವೇ ತೊಟ್ಟಿಯ ತೂತು ಮುಚ್ಚಿದ ಬಿರಡೆ. 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರಲ್ಲಿ ಹೊಸ ಕಾಯ್ದೆಯಾಗಿದೆ. ಆದರೆ ಹಳೆಯ ಗಂಟುಗಳನ್ನು ಹಳೆಯ ಕಾಯ್ದೆಯಂತೆಯೇ ಬಿಚ್ಚಬೇಕಷ್ಟೆ.

ಬಾಕಿ ಎಂದರೆ ತಟಸ್ಥವಾಗಿ ನಿಂತ ವಸ್ತುವೆಂದು ಅನೇಕರು ತಿಳಿಯುತ್ತಾರೆ. ತೀರ್ಪು ಬಂದಿಲ್ಲ, ಆದುದರಿಂದ ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ ಎಂಬ ಭಾವನೆ. ಇದು ತಪ್ಪು. ಸರಳ ಬಡ್ಡಿಯ ಪಾಠವನ್ನೇ ತೆಗೆದುಕೊಳ್ಳೋಣ. 1961ರ ಕಾಯ್ದೆಯಂತೆ ಕಟ್ಟದೆ ಉಳಿದ ತೆರಿಗೆಗೆ ಇಲಾಖೆ ತಿಂಗಳಿಗೆ ನೂರಕ್ಕೆ 1ರಂತೆ ಬಡ್ಡಿ ಹಾಕುತ್ತದೆ. ಪ್ರಜೆ ಮೊದಲೇ ಕಟ್ಟಿ, ಆಮೇಲೆ ಗೆದ್ದು ಹಣ ಹಿಂದಕ್ಕೆ ಪಡೆದರೆ ಅವನಿಗೆ ದೊರೆಯುವುದು ತಿಂಗಳಿಗೆ ನೂರಕ್ಕೆ ಅರ್ಧ. ಒಂದು ಲಕ್ಷ ರೂಪಾಯಿಯ ವಿವಾದ ಐದು ವರ್ಷ ನಡೆಯಿತೆನ್ನಿ. ಕಟ್ಟದೆ ಕಾದು ಸೋತವನು 60,000 ರೂಪಾಯಿ ಬಡ್ಡಿ ತೆರಬೇಕು. ಕಟ್ಟಿ ಕಾದು ಗೆದ್ದವನಿಗೆ ಬರುವುದು 30,000. ಐದು ವರ್ಷ ತಡವಾದುದು ಇಬ್ಬರಲ್ಲಿ ಯಾರ ತಪ್ಪಿನಿಂದಲೂ ಅಲ್ಲ. ಇದರ ಮೇಲೆ, ಮೇಲ್ಮನವಿ ಮುಗಿಯುವವರೆಗೆ ವಸೂಲಿಗೆ ತಡೆ ಬೇಕಾದರೆ ವಿವಾದಿತ ಮೊತ್ತದ ನೂರಕ್ಕೆ 20ರಷ್ಟನ್ನು ಮೊದಲು ಕಟ್ಟುವ ಪದ್ಧತಿ 2017ರಿಂದ ನಡೆದು ಬಂದಿದೆ. ನಗರದ ದೊಡ್ಡ ಕಂಪನಿಗೆ ಇದೊಂದು ಲೆಕ್ಕದ ಸಾಲು. ನಮ್ಮ ಬಟ್ಟೆ ಅಂಗಡಿಯವನಿಗೆ ಅದು ದೀಪಾವಳಿಯ ಸರಕು ತರುವ ಬಂಡವಾಳ. ತೀರ್ಪು ಬರೆಯದ ದಿನವೂ ಒಂದು ತೀರ್ಪು ನಡೆಯುತ್ತಲೇ ಇರುತ್ತದೆ. ಅದು ಸಾಮಾನ್ಯವಾಗಿ ಕಾಯಲು ಶಕ್ತಿಯುಳ್ಳವನ ಕಡೆಗಿರುತ್ತದೆ.

ಕಾಯಲು ಶಕ್ತಿಯುಳ್ಳವರೆಲ್ಲ ಸರಕಾರದವರೇ ಎಂದಲ್ಲ. ತೆರಿಗೆಯನ್ನು ಮುಂದೂಡಲೆಂದೇ ಮೇಲ್ಮನವಿ ಹಾಕುವ, ಪ್ರತಿ ವಾಯಿದೆಗೂ ಇನ್ನೊಂದು ವಾಯಿದೆ ಕೇಳುವ ದೊಡ್ಡ ಕುಳಗಳೂ ಇವೆ. ಅವರಿಗೆ ಬಾಕಿಯೇ ಭಾಗ್ಯ. ಅವರ ದಪ್ಪ ಕಟ್ಟುಗಳ ಅಡಿಯಲ್ಲಿ ಸಣ್ಣವರ ತೆಳು ಕಟ್ಟುಗಳು ಅಪ್ಪಚ್ಚಿಯಾಗುತ್ತವೆ.

ತೆರಿಗೆಯ ಅಹವಾಲನ್ನು ಕೇಳುವವರಿಲ್ಲದಿದ್ದರೆ ಏನಾಗುವುದೆಂಬುದನ್ನು ನಮ್ಮ ಸೀಮೆ ಬೇರೆಯವರಿಂದ ಕಲಿಯಬೇಕಾಗಿಲ್ಲ. 1980ರಲ್ಲಿ ನಾನು ಗದಗಿನಲ್ಲಿ ಕಾಲೇಜು ಓದುತ್ತಿದ್ದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಎಪ್ಪತ್ತರ ದಶಕದಲ್ಲಿ ನರಗುಂದ, ನವಲಗುಂದದ ಎರೆಹೊಲಗಳತ್ತ ಹರಿಯತೊಡಗಿತ್ತು. ನೀರಿನ ಹಿಂದೆಯೇ ನೀರಿನ ಕರ, ಭೂಮಿಯ ಬೆಲೆ ಏರಿತೆಂಬ ಲೆಕ್ಕದ ಮೇಲೆ ಅಭಿವೃದ್ಧಿ ಕರ, ಅವುಗಳ ಬಾಕಿಯ ವಸೂಲಿ. ಕಾಲುವೆಯ ಕೊನೆಯ ರೈತನು ತನ್ನ ಹೊಲಕ್ಕೆ ನೀರೇ ಬಂದಿಲ್ಲವೆಂದ. ಇನ್ನೊಬ್ಬನು ನೀರು ನಿಂತು ಹೊಲ ಜವುಳಾಯಿತೆಂದ. ಹತ್ತಿಯ ಬೆಲೆ ಬೇರೆ ಬಿದ್ದಿತ್ತು. ಇವೆಲ್ಲವೂ ಒಂದೊಂದಾಗಿ ಪರಿಶೀಲಿಸಬಹುದಾದ, ಹೊಲಕ್ಕೆ ಹೋಗಿ ನೋಡಿದರೆ ಅರ್ಧ ದಿನದಲ್ಲಿ ಸತ್ಯ ತಿಳಿಯಬಹುದಾದ ತಕರಾರುಗಳು. ಮನವಿಗಳು ಹೋದವು, ಸಭೆಗಳು ನಡೆದವು. ರೈತರಿಗೆ ಉತ್ತರವೆನ್ನಿಸುವಂಥ ಉತ್ತರ ಬರಲಿಲ್ಲ. ಜುಲೈ 21ರಂದು ನರಗುಂದದ ತಹಶೀಲ್ದಾರ್ ಕಚೇರಿಯ ಮುಂದೆ ಸೇರಿದ ಜನಸ್ತೋಮದ ಮೇಲೆ ಗೋಲಿಬಾರಾಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು. ಜನರ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಅಂದು ಸಂಜೆ ಗದಗಿನಲ್ಲಿ ಬಸ್ಸುಗಳಿಲ್ಲದೆ ನಾವು ಹುಡುಗರು ನಿಲ್ದಾಣದಲ್ಲಿಯೇ ಕುಳಿತು, ಬಂದವರನ್ನೆಲ್ಲ "ಏನಾತ್ರಿ?" ಎಂದು ಕೇಳುತ್ತಿದ್ದುದು ನೆನಪಿದೆ. ಯಾರಿಗೂ ಪೂರ್ತಿ ಗೊತ್ತಿರಲಿಲ್ಲ, ಎಲ್ಲರೂ ಸಣ್ಣ ದನಿಯಲ್ಲಿ ಮಾತನಾಡುತ್ತಿದ್ದರು.

ಆ ಬಂಡಾಯದಿಂದ ರೈತ ಸಂಘ ಹುಟ್ಟಿದ ಕತೆ, 1983ರ ಚುನಾವಣೆಯಲ್ಲಿ ಸರಕಾರವೇ ಉರುಳಿದ ಕತೆ ನಿಮಗೆ ಗೊತ್ತು. ನಾನು ಇಲ್ಲಿ ಹೇಳಬೇಕೆಂದಿರುವುದು ಸಣ್ಣ ಸಂಗತಿ. ಅಂದು ಕರದ ವಿರುದ್ಧ ದನಿಯೆತ್ತಿದವರಲ್ಲಿ ಕೆಲವರ ತಕರಾರು ಸರಿಯಿರಬಹುದು, ಕೆಲವರದು ತಪ್ಪಿರಬಹುದು. ಅದನ್ನು ಬೇರ್ಪಡಿಸಿ ಹೇಳುವ ಮೇಜೊಂದು ನರಗುಂದದಲ್ಲಿ ಇದ್ದಿದ್ದರೆ, ಆ ಮೇಜಿನ ಹಿಂದೆ ಕುಳಿತವನು ಕಾಲಕ್ಕೆ ಸರಿಯಾಗಿ ಉತ್ತರ ಬರೆದಿದ್ದರೆ ಎಂದು ಆಗಾಗ ಯೋಚಿಸುತ್ತೇನೆ.

ಈಗ ನನ್ನದೇ ಮೇಜಿನ ಮಾತಿಗೆ ಬರುತ್ತೇನೆ. ಇದನ್ನು ಈವರೆಗೆ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಒಂದು ವರ್ಷ, ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಮೂರು ವಿಭಾಗಗಳ ಗಣಿತದ ಉತ್ತರ ಪತ್ರಿಕೆಗಳು, ಹತ್ತಿರ ಹತ್ತಿರ 180. ಮನೆಯಲ್ಲಿ ತಂಗಿಯ ಮದುವೆ, ಹೊಲದಲ್ಲಿ ಶೇಂಗಾ ಕೀಳುವ ಗಡಿಬಿಡಿ. ನಾಳೆ, ನಾಡಿದ್ದು ಎನ್ನುತ್ತ ಕಟ್ಟನ್ನು ಅಟ್ಟಕ್ಕೇರಿಸಿದೆ. ಕೊನೆಗೆ ಸೋಮವಾರ ಅಂಕಪಟ್ಟಿ ಬೇಕೇಬೇಕೆಂದು ಮುಖ್ಯಾಧ್ಯಾಪಕರು ತಾಕೀತು ಮಾಡಿದರು. ಭಾನುವಾರ ರಾತ್ರಿ ಕಂದೀಲಿನ ಬೆಳಕಿನಲ್ಲಿ ಕುಳಿತು ನೂರಕ್ಕೂ ಹೆಚ್ಚು ಪತ್ರಿಕೆಗಳನ್ನು ತಿದ್ದಿದೆ. ತಿದ್ದಿದೆ ಎನ್ನುವುದು ತಪ್ಪು. ಕೊನೆಯ ಸಾಲಿನ ಉತ್ತರ ನೋಡಿ ಅಂಕ ಹಾಕಿದೆ. ಸೋಮವಾರ ಪಟ್ಟಿ ಸಿದ್ಧವಾಗಿತ್ತು. ನನ್ನ ಬಾಕಿ ಸೊನ್ನೆ. ಮುಖ್ಯಾಧ್ಯಾಪಕರು ಬೆನ್ನು ತಟ್ಟಿದರು.

ಆ ಪಟ್ಟಿಯಲ್ಲಿ ಒಬ್ಬ ಹುಡುಗಿಗೆ 31 ಬಂದಿತ್ತು. ತೇರ್ಗಡೆಗೆ 35 ಬೇಕು. ಅವಳು ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಹಿಂದ ಪುರವಣಿ ಕಟ್ಟೀನ್ರಿ, ನೋಡ್ರಿ" ಎಂದಳು. ಆಮೇಲೆ ನೋಡೋಣ ಎಂದೆ. ನಿಜವಾಗಿಯೂ ನೋಡುವ ಮನಸ್ಸಿತ್ತು. ಅವಳ ಪತ್ರಿಕೆಯನ್ನು ಬೇರೆ ತೆಗೆದು ಕಪಾಟಿನಲ್ಲಿಟ್ಟೆ. ಮೂರು ವಾರ ಅದು ಅಲ್ಲಿಯೇ ಇತ್ತು. ಒಂದು ದಿನ ಬೇರೇನೋ ಹುಡುಕುವಾಗ ಕೈಗೆ ಸಿಕ್ಕಿತು. ದಾರ ಬಿಚ್ಚಿ ಹಿಂದಿನ ಹಾಳೆ ತಿರುವಿದೆ: ಎರಡು ಪ್ರಮೇಯಗಳು, ಒಂದು ಬಡ್ಡಿಯ ಲೆಕ್ಕ, ಎಲ್ಲವೂ ಸರಿಯಾಗಿದ್ದುವು. 31 ಎಂಬುದು 47 ಆಯಿತು. ಹಾಜರಿ ಪುಸ್ತಕ ನೋಡಿದರೆ ಅವಳು ಹತ್ತು ದಿನದಿಂದ ಬಂದಿರಲಿಲ್ಲ. ಅಂದೇ ಸಂಜೆ ಸೈಕಲ್ ತುಳಿದು ಅವರ ಊರಿಗೆ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಹೇಳಿದಳು: "ನಪಾಸಾದಾಕಿಗೆ ಸಾಲಿ ಯಾಕಂದ್ರು ಅವರಪ್ಪ. ಎಲ್ಲಾರೂ ಗೋವಾಕ್ಕ ದುಡಿಯಾಕ ಹೋದ್ರು." ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಈ ಒಂದು ಪ್ರಸಂಗದಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದ್ದೆ. ಅವು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಬಾಕಿಯನ್ನು ಬೆಳೆಯಗೊಟ್ಟು ಆಮೇಲೆ ಒಂದೇ ರಾತ್ರಿ ಗುಡಿಸಿ ಹಾಕಿದ್ದು ಮೊದಲನೆಯದು. ಆ ಗುಡಿಸುವಿಕೆಯ ವಿರುದ್ಧ ಬಂದ ಮೇಲ್ಮನವಿಯನ್ನು ಕಪಾಟಿನಲ್ಲಿಟ್ಟದ್ದು ಎರಡನೆಯದು. ತೆರಿಗೆ ಇಲಾಖೆಗಳ ಬಾಕಿ ವಿಲೇವಾರಿಯ ವರದಿ ಓದುವಾಗಲೆಲ್ಲ ಈ ಎರಡನ್ನೂ ಹುಡುಕುತ್ತೇನೆ. ತಿಂಗಳಿಗೆ ಇಷ್ಟು ಪ್ರಕರಣ ಮುಗಿಸಬೇಕೆಂದು ಅಧಿಕಾರಿಗೆ ಗುರಿ ಕೊಟ್ಟರೆ ಅವನು ಮುಗಿಸುತ್ತಾನೆ, ಸಂಶಯವಿಲ್ಲ. ಆದರೆ ಪುರವಣಿ ಹಾಳೆ ತಿರುವಿದನೇ? ಆದೇಶ ಲಿಖಿತವಾಗಿರಬೇಕು, ತೀರ್ಮಾನಿಸಬೇಕಾದ ಅಂಶಗಳು, ತೀರ್ಮಾನ, ಕಾರಣ ಮೂರೂ ಅದರಲ್ಲಿರಬೇಕು ಎಂದು ಅದೇ 250ನೆಯ ಕಲಮು ವಿಧಿಸಿದೆ. ಗುರಿಯನ್ನು ಎಣಿಸುವವರು ಇದನ್ನೂ ಎಣಿಸಬೇಕು. ಮುಗಿಸಿದ ಪ್ರಕರಣಗಳಲ್ಲಿ ಎಷ್ಟು ಮುಂದಿನ ಹಂತದಲ್ಲಿ ತಿರುಗಿ ಬಂದವು ಎಂಬ ಅಂಕಣವಿಲ್ಲದ ಪಟ್ಟಿ ನನ್ನ ಆ ಸೋಮವಾರದ ಪಟ್ಟಿಯಂಥದೇ.

ಸರಕಾರ ಸುಮ್ಮನೆ ಕುಳಿತಿದೆಯೆಂದು ಹೇಳಿದರೆ ಅನ್ಯಾಯವಾದೀತು. 2020ರ ಸೆಪ್ಟೆಂಬರ್ 25ರಂದು ಆದಾಯ ತೆರಿಗೆಯಲ್ಲಿ ಮುಖರಹಿತ ಮೇಲ್ಮನವಿ ಆರಂಭವಾಯಿತು. ಯಾವ ಅಧಿಕಾರಿ, ಯಾವ ಊರಿನವನು ಎಂಬುದು ಅರ್ಜಿದಾರನಿಗೆ ತಿಳಿಯದು. ಎಸ್ಸೆಸ್ಸೆಲ್ಸಿ ಪತ್ರಿಕೆಗಳು ಹೆಸರಿಲ್ಲದೆ ಬೇರೆ ಜಿಲ್ಲೆಯ ಮೌಲ್ಯಮಾಪಕರಿಗೆ ಹೋಗುವುದನ್ನು ವರ್ಷಗಳ ಕಾಲ ಕಂಡ ನನಗೆ ಇದು ಮೆಚ್ಚುಗೆಯ ಕ್ರಮವೇ. ನಮ್ಮವರು ಕಾಗದ ಹಿಡಿದು ಪರಸ್ಥಳದ ಕಚೇರಿಗಳ ಮೆಟ್ಟಿಲು ಹತ್ತುವುದು ತಪ್ಪಿತು, ಮುಖ ನೋಡಿ ಮಣೆ ಹಾಕುವುದೂ ತಪ್ಪಿತು. ಆದರೆ ಮುಖವಿಲ್ಲದವನನ್ನು "ನನ್ನದು ಯಾವಾಗ?" ಎಂದು ಕೇಳುವುದು ಹೇಗೆ? ಕೇಳಿದರೆ ದೃಶ್ಯ ಸಂವಾದದ ಮೂಲಕ ವಿಚಾರಣೆ ಕೊಡಬೇಕೆಂಬ ನಿಯಮ 2021ರ ಡಿಸೆಂಬರಿನಲ್ಲಿ ಬಂತು. ಅದನ್ನು ಕೇಳಬಹುದೆಂಬುದೇ ನಮ್ಮ ಕಡೆಯ ಎಷ್ಟೋ ಸಣ್ಣ ವರ್ತಕರಿಗೆ ಗೊತ್ತಿಲ್ಲ. ತಾಲೂಕು ಸ್ಥಳದಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಕನ್ನಡ ಬಲ್ಲ ಒಬ್ಬ ಗುಮಾಸ್ತ ಇದ್ದರೆ ರೋಣದ, ನರಗುಂದದ, ಗಜೇಂದ್ರಗಡದ ಅರ್ಜಿದಾರನು ಅಲ್ಲಿಂದಲೇ ತನ್ನ ಮಾತು ಹೇಳಬಹುದು. ಗಜೇಂದ್ರಗಡ ತಾಲೂಕಾಗಿ ಇಷ್ಟು ವರ್ಷಗಳಾದವು, ಇಷ್ಟಾದರೂ ಆಗಬಾರದೇ?

2023ರ ಬಜೆಟ್ಟಿನಲ್ಲಿ ಸಣ್ಣ ಮೇಲ್ಮನವಿಗಳಿಗೆಂದೇ ಸುಮಾರು 100 ಜಂಟಿ ಆಯುಕ್ತರನ್ನು ನೇಮಿಸುವುದಾಗಿ ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ದಾರಿ. ಹಾಲಿನವನ ಸಾಲಿಗೂ ಪಡಿತರದ ಸಾಲಿಗೂ ಒಂದೇ ಕಿಟಕಿ ಇರಬಾರದು. ಸಣ್ಣ ಮೊತ್ತ, ಹಳೆಯ ತಾರೀಖು, ಇವೆರಡೂ ಕೂಡಿದ ಕಟ್ಟನ್ನು ಮೊದಲು ಬಿಚ್ಚಬೇಕು. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು, 2009-10ರವರೆಗಿನ 25,000 ರೂಪಾಯಿವರೆಗಿನ ಹಾಗೂ 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ನೇರ ತೆರಿಗೆಯ ಹಳೆಯ ಬೇಡಿಕೆಗಳನ್ನು ಕೈಬಿಡುವುದಾಗಿ ಹೇಳಿದರು. ಅವುಗಳಲ್ಲಿ ಕೆಲವು 1962ರಷ್ಟು ಹಳೆಯವಂತೆ! ನಾನು ಅಂಬೆಗಾಲಿಡುತ್ತಿದ್ದಾಗ ಬರೆದ ಬಾಕಿ ನಾನು ನಿವೃತ್ತನಾದ ಮೇಲೂ ಪುಸ್ತಕದಲ್ಲಿತ್ತು. ಸುಮಾರು ಒಂದು ಕೋಟಿ ಜನರಿಗೆ ಇದರಿಂದ ಪ್ರಯೋಜನವೆಂದೂ ಹೇಳಿದರು. ಬಿಟ್ಟದ್ದು ಒಳ್ಳೆಯದಾಯಿತು. ಅಷ್ಟು ವರ್ಷ ಇಟ್ಟುಕೊಂಡದ್ದೇಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇನ್ನು ರಾಜಿಯ ಯೋಜನೆಗಳು: 2020ರ ಮತ್ತು 2024ರ "ವಿವಾದ್ ಸೇ ವಿಶ್ವಾಸ್", ನಮ್ಮ ರಾಜ್ಯದ ಮಾರಾಟ ತೆರಿಗೆಯ ಹಳೆಯ ಬಾಕಿಗಳಿಗೆ "ಕರಸಮಾಧಾನ". ವಿವಾದಿತ ತೆರಿಗೆ ಕಟ್ಟಿಬಿಡಿ, ಬಡ್ಡಿ ದಂಡ ಬಿಡುತ್ತೇವೆ ಎಂಬುದು ಇವುಗಳ ಸಾರ. ತೊಟ್ಟಿಯ ನೀರು ಇಳಿಯುವುದು ನಿಜ. ಆದರೆ ತೆರಿಗೆಯೇ ತಪ್ಪಾಗಿ ಬಿದ್ದಿದ್ದರೆ? ಸರಿಯಿದ್ದವನು ತನ್ನದಲ್ಲದ ತೆರಿಗೆಯನ್ನು ಪೂರ್ತಿ ಕೊಟ್ಟು ಬಿಡುಗಡೆ ಕೊಳ್ಳುತ್ತಾನೆ, ತಪ್ಪಿದ್ದವನು ಬಡ್ಡಿ ಉಳಿಸಿಕೊಂಡು ನಗುತ್ತಾನೆ. ನನ್ನ ಶಿಷ್ಯನಿಗೂ ಯಾರೋ ಇಂಥ ಸಲಹೆ ಕೊಟ್ಟಿದ್ದರಂತೆ. "ತಪ್ಪು ಮಾಡಿಲ್ಲ ಅಂದಮ್ಯಾಲ ಯಾಕ ಕೊಡ್ಲಿ?" ಎಂದು ಕೂತಿದ್ದಾನೆ. ಹಟಮಾರಿ. ಶಾಲೆಯಲ್ಲಿಯೂ ಹಾಗೆಯೇ ಇದ್ದ.

ಹೊರಹೋಗುವ ನಳವನ್ನು ಎಷ್ಟು ದೊಡ್ಡದು ಮಾಡಿದರೂ ಒಳಬರುವ ನಳವನ್ನು ನೋಡದಿದ್ದರೆ ಪ್ರಯೋಜನವಿಲ್ಲ. 2025ರ ಜುಲೈನಲ್ಲಿ ನಮ್ಮ ನೆರೆಯ ಹಾವೇರಿಯಲ್ಲಿ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಯ ಯುಪಿಐ ವಹಿವಾಟಾಗಿದೆಯೆಂದು 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸು ಬಂದ ಸುದ್ದಿಯನ್ನು ನೀವೂ ಓದಿರಬೇಕು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಗಣಕಯಂತ್ರ ಮೊತ್ತವನ್ನು ಕೂಡಿಸಿತು, ಬದನೆಕಾಯಿಯನ್ನು ನೋಡಲಿಲ್ಲ. ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ ಲೆಕ್ಕ ಹಿಡಿದು ಬೇಕರಿ, ಚಹಾದಂಗಡಿಗಳಿಗೂ ನೋಟಿಸುಗಳು ಹೋಗಿದ್ದುವು. ಗದ್ದಲವಾಯಿತು, ವ್ಯಾಪಾರಿಗಳು ಬಂದ್‌ಗೆ ಕರೆಕೊಟ್ಟರು, ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ಕೊಟ್ಟರು. ಗದ್ದಲವಾಗದಿದ್ದರೆ? ಆ ನೋಟಿಸುಗಳಲ್ಲಿ ಎಷ್ಟೋ ಆದೇಶಗಳಾಗಿ, ಆದೇಶಗಳು ಮೇಲ್ಮನವಿಗಳಾಗಿ ತೊಟ್ಟಿಯನ್ನು ಸೇರುತ್ತಿದ್ದುವು. ನೋಟಿಸು ಕಳಿಸುವ ಮುನ್ನ ಅಂಗಡಿಗೆ ಒಮ್ಮೆ ಹೋಗಿ ಬಂದಿದ್ದರೆ ಅರ್ಧ ತಾಸಿನ ಕೆಲಸ.

ಜಿಎಸ್‌ಟಿಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕಾಯ್ದೆ ಜಾರಿಯಾದದ್ದು 2017ರಲ್ಲಿ. ಎರಡನೆಯ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಚಾಲನೆ ದೊರೆತದ್ದು 2025ರ ಸೆಪ್ಟೆಂಬರ್ 24ರಂದು. ಮೊದಲ ಮೇಲ್ಮನವಿಗೆ ನೂರಕ್ಕೆ 10 ಕಟ್ಟಿ ಸೋತವರು ಎಂಟು ವರ್ಷ ಎಲ್ಲಿಗೆ ಹೋಗಬೇಕಿತ್ತು? ಹೈಕೋರ್ಟಿಗೆ. ಗಜೇಂದ್ರಗಡದ ಅಂಗಡಿಯವನು ರಿಟ್ ಅರ್ಜಿ ಹಾಕುವುದೆಂದರೆ ಇರುವೆಯನ್ನು ಹೊಡೆಯಲು ತೋಪು ತರಿಸಿದಂತೆ. ಕಾಯ್ದೆ ಬರೆದವರು ಬಾಗಿಲು ತೋರಿಸಿದರು, ಕೋಣೆ ಕಟ್ಟಲು ಮರೆತರು.

ಆದಾಯ ತೆರಿಗೆಯ ಮೇಲ್ಮನವಿ ನ್ಯಾಯಮಂಡಳಿ 1941ರ ಜನವರಿ 25ರಂದು ಸ್ಥಾಪನೆಯಾದುದು. ನಿಷ್ಪಕ್ಷಪಾತ, ಸುಲಭ, ಸತ್ವರ, ಈ ಮೂರು ಗುಣಗಳ ನ್ಯಾಯವೇ ಅದರ ಧ್ಯೇಯವಾಕ್ಯ. ಆಯಾ ಕಾಲದ ಸುಧಾರಕರು ಒಂದೊಂದು ಪದವನ್ನೇ ಎತ್ತಿ ಹಿಡಿಯುತ್ತಾರೆ. ಮುಖರಹಿತ ಪದ್ಧತಿ ಮೊದಲನೆಯದಕ್ಕೆ, ಪೋರ್ಟಲ್ ಎರಡನೆಯದಕ್ಕೆ, ಮಾಸಿಕ ಗುರಿ ಮೂರನೆಯದಕ್ಕೆ. ಇಲಾಖೆಯೇ ಹೂಡುವ ಮೇಲ್ಮನವಿಗಳಿಗೆ ಮಿತಿಯನ್ನು 2024ರ ಸೆಪ್ಟೆಂಬರಿನಲ್ಲಿ ಏರಿಸಿ, 60 ಲಕ್ಷದೊಳಗಿನ ವಿವಾದವನ್ನು ನ್ಯಾಯಮಂಡಳಿಗೂ 2 ಕೋಟಿಯೊಳಗಿನದನ್ನು ಹೈಕೋರ್ಟಿಗೂ ಸಾಮಾನ್ಯವಾಗಿ ಒಯ್ಯಬಾರದೆಂದು ಮಾಡಿದ್ದು, ಯಾರ ಕಣ್ಣಿಗೂ ಅಷ್ಟಾಗಿ ಬೀಳದಿದ್ದರೂ, ನನಗೆ ಎಲ್ಲಕ್ಕಿಂತ ವಿವೇಕದ ಕ್ರಮವಾಗಿ ಕಂಡಿದೆ. ತಾನೇ ಜಗಳ ತೆಗೆಯುವುದನ್ನು ಕಡಿಮೆ ಮಾಡುವುದು ಯಾವ ಮನೆಯಲ್ಲಿಯಾದರೂ ಒಳ್ಳೆಯದೇ.

ಒಂದು ಸಣ್ಣ ಸಲಹೆ ಉಳಿದಿದೆ. ಗಡುವು ದಾಟಿದ ಮೇಲ್ಮನವಿಯ ಮೇಲೆ ಅಂದಿನಿಂದ ಪ್ರಜೆಗೆ ಬಡ್ಡಿ ನಿಲ್ಲಬೇಕು. ತಡ ಮಾಡಿದವನೇ ತಡದ ಬೆಲೆ ತೆರಬೇಕು. "ಸಾಧ್ಯವಿದ್ದಲ್ಲಿ" ಎಂಬ ಪದ ಕಾಯ್ದೆಯಲ್ಲಿ ಬೇಕಿದ್ದರೆ ಇರಲಿ. ಅದರ ಖರ್ಚು ಅಂಗಡಿಯವನ ಗಲ್ಲಾಪೆಟ್ಟಿಗೆಯಿಂದ ಹೋಗದಿರಲಿ. ನಿಮ್ಮಲ್ಲಿರುವ ಲೆಕ್ಕಪರಿಶೋಧಕರು ಇದು ಕಾರ್ಯಸಾಧ್ಯವೇ ಎಂದು ನನಗೆ ತಿಳಿಸಿಕೊಡಬೇಕು. ನಿಮ್ಮ ಮಾಸ್ತರನಿಗೆ ಇನ್ನೂ ಕಲಿಯುವ ಆಸೆಯಿದೆ.

ಶಿಷ್ಯನಿಗೆ ಅಂದು ನಾನು ಮಾಡಿಕೊಟ್ಟದ್ದು ಹೆಚ್ಚೇನೂ ಅಲ್ಲ. ಅವನ ಕಟ್ಟನ್ನು ತಾರೀಖಿನಂತೆ ಜೋಡಿಸಿ, ಪುಟಸಂಖ್ಯೆ ಹಾಕಿ, ದೃಶ್ಯ ಸಂವಾದದ ವಿಚಾರಣೆಗೆ ಅವಕಾಶವಿದ್ದರೆ ಕೊಡಬೇಕೆಂದು ಅರ್ಧ ಪುಟದ ಬಿನ್ನಹ ಬರೆದುಕೊಟ್ಟೆ. ಅವನ ಮಗಳು ಅದನ್ನು ಅಲ್ಲಿಯೇ ಕುಳಿತು ಮೊಬೈಲಿನಲ್ಲಿ ಕಳಿಸಿದಳು. ಕಾಲೇಜಿಗೆ ಹೋಗುವ ಚುರುಕಾದ ಹುಡುಗಿ. ಸ್ವೀಕೃತಿ ಸಂಖ್ಯೆ ಬಂದಿತು. ಅದನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಕೆಂಪು ಶಾಯಿಯಲ್ಲಿ 47 ಎಂದು ತಿದ್ದಿದ ಆ ಉತ್ತರ ಪತ್ರಿಕೆಯೂ ಇನ್ನೂ ಅದೇ ಕಪಾಟಿನಲ್ಲಿದೆ.